ದುಬಾರಿ ಸ್ಪೀಕರಿಗೆ ಅಷ್ಟು ದುಡ್ಡು ಕೊಡಬೇಕಾ?

ಕಂಪ್ಯೂಟರಿನ ಪಕ್ಕ ಇಡುವ ಗೇಣುದ್ದದ ಸ್ಪೀಕರ್ ಜೋಡಿಗೆ 50,000 ರೂಪಾಯಿಗಿಂತ ಜಾಸ್ತಿ ಕೊಡಬೇಕಾ? ಈ ಪ್ರಶ್ನೆ ಮಳೆಗಾಲದಿಂದ ಅಡಿಕೆ ಕೊಯ್ಲಿನವರೆಗೆ ನನ್ನ ತಲೆಯಲ್ಲಿ ಕೂತಿತ್ತು. ಸಿನಿಮಾ ನೋಡುವುದಕ್ಕೋ ಹಾಡು ಕೇಳುವುದಕ್ಕೋ ಆಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನನಗೆ ಬೇಕಿದ್ದದ್ದು ಕೆಲಸಕ್ಕೆ.

ನನ್ನದು ಹಳೆಯ ತಾಳಮದ್ದಳೆ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ. ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದೆ ಕೂತು ಪದ, ಮಾತಿನಲ್ಲೇ ನಡೆಸುವ ಯಕ್ಷಗಾನ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಎಷ್ಟೋ ಮನೆಗಳ ಕಪಾಟಿನಲ್ಲಿ 1980, 90ರ ದಶಕದ ಕ್ಯಾಸೆಟ್ಟುಗಳಿವೆ. ದೇವಸ್ಥಾನದಲ್ಲೋ, ಯಾರದ್ದೋ ಮನೆಯ ಜಗಲಿಯಲ್ಲೋ ರಾತ್ರಿಯಿಡೀ ಕೂಟ ನಡೆದಾಗ ಮನೆಯ ಟೇಪ್ ರೆಕಾರ್ಡರ್ ಮುಂದಿಟ್ಟು ತುಂಬಿಸಿಕೊಂಡವು. ಅರ್ಥ ಹೇಳಿದವರಲ್ಲಿ, ಅಂದರೆ ಪಾತ್ರಗಳ ಮಾತಾಡಿದವರಲ್ಲಿ, ಎಷ್ಟೋ ಜನ ಈಗ ಇಲ್ಲ. ಕ್ಯಾಸೆಟ್ಟಿಗೆ ಬೂಸು ಹಿಡಿಯುವ ಮೊದಲು ಅದನ್ನು ಇಳಿಸಿ, ಹಿಸ್ (ಟೇಪಿನ ಸುಯ್ ಸದ್ದು) ತಗ್ಗಿಸಿ, ಮಾತು ಸ್ಪಷ್ಟವಾಗುವಂತೆ ಮಾಡಿ ಪೆನ್ ಡ್ರೈವಿನಲ್ಲಿ ಮನೆಯವರಿಗೆ ಹಿಂದಿರುಗಿಸುತ್ತೇನೆ. ಅವರಿಗೆ ಅದು ಅಪ್ಪನ ಧ್ವನಿ, ಅಜ್ಜನ ಧ್ವನಿ. ಅದನ್ನು ನಾನು ಹಾಳು ಮಾಡಬಾರದು. ಇಡೀ ಪರೀಕ್ಷೆಯ ಹಿಂದೆ ಇದ್ದದ್ದು ಈ ಒಂದೇ ಚಿಂತೆ.

ಮೊದಲು ನನ್ನ ಹತ್ತಿರ ಇದ್ದದ್ದು ಯುಎಸ್‌ಬಿಯಿಂದಲೇ ಕರೆಂಟ್ ಪಡೆಯುವ ಪುಟ್ಟ ಜೋಡಿ. ಬೆಲೆ ಎರಡು ಸಾವಿರದ ಆಸುಪಾಸು. ಕಾರವಾರದ ಗೆಳೆಯನೊಬ್ಬನ ಹತ್ತಿರ ಸುಮಾರು 10,000 ರೂಪಾಯಿಯ, ನಾಲ್ಕು ಇಂಚಿನ ವೂಫರ್ (ಕೆಳಸ್ವರ ಕೊಡುವ ಭಾಗ) ಇರುವ ಸ್ಟುಡಿಯೊ ಮಾನಿಟರ್, ಅಂದರೆ ರೆಕಾರ್ಡಿಂಗ್ ಕೆಲಸಕ್ಕೆ ಬಳಸುವ ಸ್ಪೀಕರ್ ಜೋಡಿ ಇತ್ತು. ಅವನು ಮದುವೆ ವಿಡಿಯೊ ಎಡಿಟ್ ಮಾಡುವವನು. ಅವನ ಪರಿಚಯದವರೊಬ್ಬರು ಫಿನ್ಲೆಂಡಿನ ಜೆನೆಲೆಕ್ ಕಂಪನಿಯ 8010 ಜೋಡಿಯನ್ನು ಸ್ವಲ್ಪ ದಿನ ಇಟ್ಟುಕೊಳ್ಳಿ ಅಂತ ಕೊಟ್ಟರು. ಹೀಗೆ ಎರಡು ಸಾವಿರದ್ದು, ಹತ್ತು ಸಾವಿರದ್ದು, ಐವತ್ತು ಸಾವಿರ ದಾಟಿದ್ದು ಮೂರೂ ಒಟ್ಟಿಗೆ ಕೈಗೆ ಬಂದವು. ನಮ್ಮ ಊರಲ್ಲಿ ಇದು ಸುಲಭಕ್ಕೆ ಸಿಗುವ ಅವಕಾಶ ಅಲ್ಲ. ಇಂಥ ಸಾಮಾನನ್ನು ಅಂಗಡಿಯಲ್ಲಿ ಕೂತು ಕೇಳಿ ನೋಡಬೇಕೆಂದರೆ ಬೆಂಗಳೂರಿಗೇ ಹೋಗಬೇಕು. ಅಲ್ಲಿ ಕೇಳಿದ್ದು ಇಲ್ಲಿ ಹಾಗೇ ಕೇಳುತ್ತದೆ ಅಂತಲೂ ಇಲ್ಲ.

ಅದು ಕಾರವಾರದಲ್ಲೇ ಗೊತ್ತಾಯಿತು. ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ದಾಟಿ ಗೆಳೆಯನ ಮನೆಗೆ ಹೋಗಿದ್ದೆ. ಕೋಡಿಬಾಗದ ಹತ್ತಿರ ಅವನ ಸಣ್ಣ ಕೋಣೆ. ಒಂದು ಗೋಡೆಗೆ ಬಟ್ಟೆಯ ಕಪಾಟು, ಇನ್ನೊಂದು ಕಡೆ ಹಾಸಿಗೆ, ಕಿಟಕಿಗೆ ದಪ್ಪ ಪರದೆ. ಅಲ್ಲಿ ಜೆನೆಲೆಕ್ ಜೋಡಿ ತುಂಬ ಚೊಕ್ಕವಾಗಿ ಕೇಳಿತು. ಮಾತು ಬಾಯಿಂದ ಬಂದಷ್ಟೇ ಬಿಡಿಬಿಡಿ. ಅದೇ ಜೋಡಿಯನ್ನು ಶಿರಸಿಗೆ ತಂದು ನನ್ನ ಮೇಜಿನ ಮೇಲಿಟ್ಟಾಗ ಮಾತು ಮಂಕಾಯಿತು, ಕೆಳಸ್ವರ ಉಬ್ಬಿತು. ನನ್ನ ಕೋಣೆಯ ಗೋಡೆ ಬರಿದು, ನೆಲ ಕೆಂಪು ಗಾರೆ. ಚಪ್ಪಾಳೆ ತಟ್ಟಿದರೆ ಸದ್ದು ಒಂದು ಕ್ಷಣ ಅಲ್ಲೇ ಸುತ್ತುತ್ತದೆ. ಅದೇ ಸ್ಪೀಕರ್, ಅದೇ ತಂತಿ, ಅದೇ ಕಡತ. ಬದಲಾದದ್ದು ಕೋಣೆ ಮಾತ್ರ.

ಹಾಗಾಗಿ ಪರೀಕ್ಷೆಗೆ ಮೊದಲು ಕೋಣೆಯನ್ನು ಸರಿ ಮಾಡಿಕೊಂಡೆ. ಬೆನ್ನ ಹಿಂದಿನ ಗೋಡೆಗೆ ಹತ್ತಿ ಹಾಸಿಗೆ ನಿಲ್ಲಿಸಿದೆ. ಎರಡೂ ಬದಿಗೆ ಕಂಬಳಿ ಇಳಿಬಿಟ್ಟೆ. ಮೇಜನ್ನು ಗೋಡೆಯಿಂದ ಮುಂದಕ್ಕೆ ಎಳೆದೆ. ಸ್ಪೀಕರ್ ಗೋಡೆಗೆ ಹತ್ತಿರವಾದಷ್ಟೂ ಕೆಳಸ್ವರ ಜಾಸ್ತಿಯಾಗುತ್ತದೆ, ಮೂಲೆಯಲ್ಲಿಟ್ಟರೆ ಇನ್ನೂ ಜಾಸ್ತಿ. ಕೇಳಲು ಗಟ್ಟಿಯಾಗಿದೆ ಅನಿಸಿದರೂ ಆ ಗುಂಯ್‌ಗುಟ್ಟುವಿಕೆ ರೆಕಾರ್ಡಿಂಗಿನಲ್ಲಿ ಇರುವುದಿಲ್ಲ.

ಮೇಜೂ ಒಂದು ತೊಡಕು. ಸ್ಪೀಕರಿನ ಸದ್ದು ಕಿವಿಗೆ ನೇರ ಬರುತ್ತದೆ. ಇನ್ನೊಂದಿಷ್ಟು ಮೇಜಿನ ಹಲಗೆಗೆ ತಾಗಿ, ಚೂರು ತಡವಾಗಿ ಬರುತ್ತದೆ. ಎರಡೂ ಸೇರಿದಾಗ ಕೆಲವು ಕಂಪನಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ, ಕೆಲವು ಉಬ್ಬುತ್ತವೆ. ಮೂರು ಜೋಡಿಯನ್ನೂ ಇಟ್ಟಿಗೆಯ ಮೇಲೆ ಹಳೆಯ ರಬ್ಬರ್ ಚಪ್ಪಲಿಯ ತುಂಡು ಹಾಕಿ ಎತ್ತರಿಸಿದೆ. ಮೇಲುಸ್ವರ ಕೊಡುವ, ಮೇಲಿನ ಪುಟ್ಟ ಟ್ವೀಟರ್ ನನ್ನ ಕಿವಿಯ ಮಟ್ಟಕ್ಕೆ ಬಂತು. ಎರಡು ಸ್ಪೀಕರಿನ ನಡುವಿನ ದೂರವೂ, ಪ್ರತಿಯೊಂದರಿಂದ ನನ್ನ ತಲೆಗೆ ಇರುವ ದೂರವೂ ಒಂದೇ ಆಗುವ ಹಾಗೆ ತ್ರಿಕೋನ ಮಾಡಿದೆ. ಇಷ್ಟಕ್ಕೆ ನನಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಆದರೆ ಹತ್ತು ಸಾವಿರದ ಜೋಡಿಯಲ್ಲಿ ಆದ ಬದಲಾವಣೆ ಎಷ್ಟಿತ್ತು ಅಂದರೆ, ಗೆಳೆಯ ಫೋನಿನಲ್ಲಿ ಕೇಳಿಸಿಕೊಂಡವನೇ, “ಹಾಗಾದ್ರೆ ನಾನು ಇಷ್ಟು ವರ್ಷ ಅರ್ಧ ಸ್ಪೀಕರ್ ಕೇಳ್ತಿದ್ದೆ ಮಾರಾಯ” ಅಂದ. ಹೊಸದು ಕೊಳ್ಳಬೇಕು ಅಂತ ಯೋಚಿಸುತ್ತಿರುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ. ಇರುವುದನ್ನು ಸರಿಯಾಗಿಟ್ಟು ಕೇಳಿ. ಬೆಲೆಯ ಮಾತು ಆಮೇಲೆ.

ಇನ್ನು ಹೋಲಿಕೆ. ಇಲ್ಲಿ ಕಣ್ಣು ಮತ್ತು ವಾಲ್ಯೂಮ್ ಎರಡೂ ನಮ್ಮನ್ನು ದಾರಿ ತಪ್ಪಿಸುತ್ತವೆ. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಇಬ್ಬರು ಸಂಶೋಧಕರು 1994ರಲ್ಲಿ ಈ ಬಗ್ಗೆ ಒಂದು ಪ್ರಬಂಧ ಮಂಡಿಸಿದ್ದರು. ಒಂದೇ ಕೇಳುಗರಿಗೆ ಅದೇ ಸ್ಪೀಕರುಗಳನ್ನು ಒಮ್ಮೆ ಕಾಣುವ ಹಾಗೆ, ಒಮ್ಮೆ ಪರದೆಯ ಹಿಂದೆ ಇಟ್ಟು ಕೇಳಿಸಿದರು. ಅಂಕಗಳು ಬೇರೆಯಾದವು. ಕಂಡಾಗ ದೊಡ್ಡ, ದುಬಾರಿ ಸ್ಪೀಕರುಗಳ ಅಂಕ ಏರಿತು, ಸಣ್ಣ ಅಗ್ಗದ್ದರ ಅಂಕ ಇಳಿಯಿತು. ಕೇಳಿದವರೆಲ್ಲ ಆ ಸಂಶೋಧಕರು ಕೆಲಸ ಮಾಡುತ್ತಿದ್ದ, ಸ್ಪೀಕರ್ ತಯಾರಿಸುವ ಹರ್ಮನ್ ಕಂಪನಿಯ ನೌಕರರೇ. ಸ್ಪೀಕರುಗಳ ಬಗ್ಗೆ ಚೆನ್ನಾಗಿ ಗೊತ್ತಿದ್ದವರಿಗೇ ಹೀಗಾದರೆ ನನ್ನಂಥವನಿಗೆ ಆಗದೇ ಇರುತ್ತದಾ?

ವಾಲ್ಯೂಮಿನ ವಿಷಯ ಇನ್ನೂ ಹಳೆಯದು. ಕಡಿಮೆ ಸದ್ದಿನಲ್ಲಿ ನಮ್ಮ ಕಿವಿಗೆ ಕೆಳಸ್ವರ ಸರಿಯಾಗಿ ಕೇಳುವುದಿಲ್ಲ. ಸದ್ದು ಏರಿಸಿದ ಹಾಗೆ ಅದು ತುಂಬಿಕೊಳ್ಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ಅಳೆದು ತೋರಿಸಿದ್ದರು. ಅಂದರೆ ಎರಡು ಸ್ಪೀಕರುಗಳಲ್ಲಿ ಒಂದು ಚೂರೇ ಜೋರಾಗಿದ್ದರೂ ಅದೇ ಚೆನ್ನಾಗಿದೆ ಅನಿಸಿಬಿಡುತ್ತದೆ. ಅಂಗಡಿಯಲ್ಲಿ ಗುಂಡಿ ತಿರುಗಿಸುತ್ತಾ ಕೇಳಿಸುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು.

ಗೆಳೆಯನ ಹತ್ತಿರ, ಕಂಪ್ಯೂಟರಿಗೂ ಸ್ಪೀಕರಿಗೂ ನಡುವೆ ಸದ್ದನ್ನು ಸಾಗಿಸುವ, ನಾಲ್ಕು ಔಟ್‌ಪುಟ್ ಇರುವ ಆಡಿಯೊ ಇಂಟರ್‌ಫೇಸ್ ಇತ್ತು. ಎರಡು ಜೋಡಿಯನ್ನು ಒಟ್ಟಿಗೇ ಜೋಡಿಸಿ ಒಂದರಿಂದ ಇನ್ನೊಂದಕ್ಕೆ ತಕ್ಷಣ ಬದಲಿಸಬಹುದಿತ್ತು. ಇದು ಮುಖ್ಯ, ಯಾಕೆಂದರೆ ಸದ್ದಿನ ಸೂಕ್ಷ್ಮ ನೆನಪು ಕೆಲವು ಸೆಕೆಂಡುಗಳಲ್ಲೇ ಮಾಸುತ್ತದೆ. ತಂತಿ ಬಿಚ್ಚಿ ಹಾಕಿ ಮಾಡುವಷ್ಟರಲ್ಲಿ ಮೊದಲು ಕೇಳಿದ್ದು ಮರೆತಿರುತ್ತದೆ. ಪಿಂಕ್ ನಾಯ್ಸ್ ಅಂತ ಒಂದು ಪರೀಕ್ಷೆಯ ಸದ್ದಿದೆ, ದೂರದ ಜಲಪಾತದ ಮೊರೆತದಂಥದ್ದು. ಅದನ್ನು ಹಾಕಿ, ನಾನು ತಲೆ ಇಡುವ ಜಾಗದಲ್ಲಿ ಮೊಬೈಲಿನ ಡೆಸಿಬೆಲ್ ಆ್ಯಪ್ ಇಟ್ಟು, ಎರಡೂ ಜೋಡಿಯ ಮಟ್ಟ ಒಂದೇ ಮಾಡಿದೆ. ಮೊಬೈಲ್ ತೋರಿಸುವ ಅಂಕಿ ಕರಾರುವಾಕ್ಕಲ್ಲ. ಆದರೆ ಎರಡನ್ನು ಸಮ ಮಾಡಲು ಸಾಕು. ಮುಂದೆ ತೆಳ್ಳಗಿನ ಪಂಚೆ ಇಳಿಬಿಟ್ಟೆವು. ಕತ್ತಲೆ ಕೋಣೆಯಲ್ಲಿ ಅಕ್ಕನ ಮಗ ಬದಲಿಸುವವನು, ನಾನು ಬರೆದುಕೊಳ್ಳುವವನು. ಯಾವುದು ಯಾವಾಗ ಅಂತ ಅವನು ನಾಣ್ಯ ಚಿಮ್ಮಿ ತೀರ್ಮಾನಿಸುತ್ತಿದ್ದ. “ಮಾವ, ಈಗ ಹೇಳು” ಅನ್ನುವುದಷ್ಟೇ ಅವನ ಮಾತು.

ಪರೀಕ್ಷೆಗೆ ನಾನು ಆರಿಸಿಕೊಂಡದ್ದು ನನ್ನ ಕ್ಯಾಸೆಟ್ಟುಗಳ ತುಣುಕುಗಳನ್ನೇ. ಭಾಗವತರ ಪದ, ಮದ್ದಳೆ, ಚಂಡೆ, ಮತ್ತೆ ಅರ್ಥದ ಮಾತು. ಇದರ ಜೊತೆ ನಾನೇ ಹೋದ ವರ್ಷ ಒಳ್ಳೆಯ ಮೈಕಿನಲ್ಲಿ ರೆಕಾರ್ಡ್ ಮಾಡಿದ ಒಂದು ಕೂಟ. ಅಂಗಡಿಯವರು ಇಟ್ಟುಕೊಂಡಿರುವ ಹಾಡು ಯಾವ ಸ್ಪೀಕರಿನಲ್ಲೂ ಚಂದವೇ ಕೇಳುತ್ತದೆ. ನಮಗೆ ಬಾಯಿಪಾಠ ಆಗಿರುವ ಸದ್ದಿನಲ್ಲಿ ಮಾತ್ರ ಏನು ಕೂಡಿದೆ, ಏನು ಕಳೆದಿದೆ ಅಂತ ಹಿಡಿಯಬಹುದು.

ಯುಎಸ್‌ಬಿ ಜೋಡಿಯನ್ನು ಗುರುತಿಸುವುದು ಕಷ್ಟವೇ ಆಗಲಿಲ್ಲ. ಮದ್ದಳೆಯ ಎಡಗಡೆಯ ಮುಚ್ಚಿಗೆಯ ಗುಂಕಾರ ಅದರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬೆರಳು ಬಿದ್ದ ಸದ್ದು ಕೇಳುತ್ತದೆ, ಆಮೇಲಿನ ನಾದ ಇಲ್ಲ. ಆ ಬೆಲೆಗೆ ಅದು ಮಾಡುವ ಕೆಲಸ ಸಾಕಷ್ಟಾಯಿತು. ಅದನ್ನು ಬದಿಗಿಟ್ಟೆ.

ಹತ್ತು ಸಾವಿರದ್ದು ಮತ್ತು ಐವತ್ತು ಸಾವಿರ ದಾಟಿದ್ದು ಎದುರುಬದುರಾದಾಗ ನಿಜವಾದ ಕಷ್ಟ ಶುರುವಾಯಿತು. ಭಾಗವತರ ಪದದಲ್ಲಿ, ಚಂಡೆಯಲ್ಲಿ ನಾನು ಬರೆದುಕೊಂಡದ್ದು ಹೆಚ್ಚಾಗಿ ಊಹೆ. ಕೆಲವೊಮ್ಮೆ ಸರಿ, ಕೆಲವೊಮ್ಮೆ ತಪ್ಪು. ಮೇಲಾಗಿ, ಆಯಿಯನ್ನು ಕರೆದು ಕೂರಿಸಿ ಎರಡನ್ನೂ ಕೇಳಿಸಿದಾಗ ಅವಳಿಗೆ ಹಿಡಿಸಿದ್ದು ಅಗ್ಗದ್ದು. “ತಮಾ, ಇದ್ರಲ್ಲಿ ಮದ್ದಳೆ ತುಂಬಿ ಬತ್ತು” ಅಂದಳು. ಅವಳ ಮಾತು ಸರಿಯೇ. ನಾಲ್ಕು ಇಂಚಿನ ವೂಫರ್ ಇರುವ ದೊಡ್ಡ ಪೆಟ್ಟಿಗೆ ಅದು. ಜೆನೆಲೆಕ್ 8010ರದ್ದು ಮೂರು ಇಂಚಿನ ವೂಫರ್. ಅದು ಸಮವಾಗಿ ಕೊಡುವುದು 74 ಹರ್ಟ್ಝ್‌ನಿಂದ ಮೇಲಕ್ಕೆ ಅಂತ ಕಂಪನಿಯೇ ಬರೆದಿದೆ. ಅದಕ್ಕಿಂತ ಕೆಳಗೆ ಸದ್ದು ಬೇಗ ಇಳಿದುಬಿಡುತ್ತದೆ. ಹರ್ಟ್ಝ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ, ಅಂಕಿ ಚಿಕ್ಕದಾದಷ್ಟೂ ಸ್ವರ ಕೆಳಗೆ.

ಇದಕ್ಕೆ ಕಾರಣ ಭೌತಶಾಸ್ತ್ರ, ಬೆಲೆ ಅಲ್ಲ. ಅಮೆರಿಕದ ಕೆಎಲ್‌ಎಚ್ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಆಂಟನ್ ಹಾಫ್‌ಮನ್ ಅವರ ಹೆಸರಿನಲ್ಲಿ ಒಂದು ನಿಯಮವೇ ಇದೆ. ಸಣ್ಣ ಪೆಟ್ಟಿಗೆ, ಆಳದ ಕೆಳಸ್ವರ, ಕಡಿಮೆ ವ್ಯಾಟಿನಲ್ಲಿ ಜೋರು ಸದ್ದು. ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬಹುದು, ಮೂರನೆಯದನ್ನು ಬಿಡಲೇಬೇಕು. ದುಬಾರಿ ಕಂಪನಿಗೂ ಇದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಹಾಗಾಗಿ ಗೇಣುದ್ದದ ಪೆಟ್ಟಿಗೆಯಿಂದ ನೆಲ ನಡುಗುವ ಬಾಸ್ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಡಬ್ಬದ ಮೇಲಿನ ಅಂಕಿಗಳ ಬಗ್ಗೆಯೂ ಒಂದು ಮಾತು. ನಾವು ಹುಡುಗರಾಗಿದ್ದಾಗ ಸ್ಪೀಕರ್ ಡಬ್ಬದ ಮೇಲೆ ಪಿಎಂಪಿಒ ಅಂತ ಸಾವಿರಗಟ್ಟಲೆ ವ್ಯಾಟ್ ಬರೆದಿರುತ್ತಿತ್ತು. ಅದಕ್ಕೆ ಎಲ್ಲರೂ ಒಪ್ಪಿದ ಅಳತೆ ಅಂತಲೇ ಇಲ್ಲ. ನೋಡಬೇಕಾದದ್ದು ಸತತವಾಗಿ ಕೊಡಬಲ್ಲ ಶಕ್ತಿ ತೋರಿಸುವ ಆರ್‌ಎಂಎಸ್ ವ್ಯಾಟ್. ಅದೂ ಮೇಜಿನ ಸ್ಪೀಕರಿಗೆ ಅಂಥ ದೊಡ್ಡ ವಿಷಯ ಅಲ್ಲ. ಒಂದು ಮಾರು ದೂರದಲ್ಲಿ ಕೂತವರಿಗೆ ಒಂದೆರಡು ವ್ಯಾಟೇ ಜೋರು. ‘20 ಹರ್ಟ್ಝ್‌ನಿಂದ 20 ಕಿಲೋಹರ್ಟ್ಝ್’ ಅಂತ ಬರೆದದ್ದಕ್ಕೂ, ಪಕ್ಕದಲ್ಲಿ ಎಷ್ಟು ಡೆಸಿಬೆಲ್ ಏರಿಳಿತ ಅಂತ ಹೇಳದಿದ್ದರೆ ಅರ್ಥವಿಲ್ಲ.

ಹಾಗಾದರೆ ಆ ಜಾಸ್ತಿ ಬೆಲೆಗೆ ಸಿಗುವುದೇನು? ಅರ್ಥದ ಮಾತಿಗೆ ಬಂದಾಗ ಉತ್ತರ ಸಿಕ್ಕಿತು. ಪಂಚೆಯ ಹಿಂದಿನಿಂದ ಬರೀ ಮಾತು ಬಂದಾಗ ಯಾವ ಜೋಡಿ ಅಂತ ನಾನು ಬಹುತೇಕ ಪ್ರತಿ ಸಲವೂ ಗುರುತಿಸಿದೆ. ‘ಸ’ ಮತ್ತು ‘ಶ’ ನಡುವಿನ ವ್ಯತ್ಯಾಸ ಕಿವಿಗೆ ಎದ್ದು ಬರುತ್ತಿತ್ತು. ‘ಸ’ಕಾರದ ಬಲ ಇರುವುದು 5 ಕಿಲೋಹರ್ಟ್ಝ್‌ನಿಂದ ಮೇಲೆ, ‘ಶ’ಕಾರದ್ದು ಅದಕ್ಕಿಂತ ಕೆಳಗೆ. ವೂಫರ್ ಕೆಲಸ ಬಿಟ್ಟು ಟ್ವೀಟರ್ ಎತ್ತಿಕೊಳ್ಳುವ ಜಾಗವೂ ಸಾಮಾನ್ಯವಾಗಿ ಇದರ ಹತ್ತಿರದಲ್ಲೇ ಇರುತ್ತದೆ. ಅಲ್ಲಿ ಒಂದರಿಂದ ಇನ್ನೊಂದಕ್ಕೆ ಸರಿಯಾಗಿ ಕೈ ಬದಲಾಗದಿದ್ದರೆ ಮಾತಿನ ಅಂಚು ಕಲಸಿಹೋಗುತ್ತದೆ. ದುಬಾರಿ ಜೋಡಿಯಲ್ಲಿ ಅದು ಕಲಸುತ್ತಿರಲಿಲ್ಲ. ತಲೆಯನ್ನು ಆಚೀಚೆ ಅಲ್ಲಾಡಿಸಿದರೂ ಮಾತು ಬದಲಾಗುತ್ತಿರಲಿಲ್ಲ. ಅರ್ಥಧಾರಿ ಉಸಿರೆಳೆದದ್ದು, ಹಿಂದೆ ಯಾರೋ ಪುಟ ಮಗುಚಿದ್ದು, ಎಲೆಯಡಿಕೆಯ ಸಂಚಿ ತೆಗೆದದ್ದು ಎಲ್ಲ ಬೇರೆ ಬೇರೆ ಕೇಳುತ್ತಿತ್ತು.

ಅಷ್ಟಕ್ಕೇ ಐವತ್ತು ಸಾವಿರ ಕೊಡುತ್ತಿರಲಿಲ್ಲ. ಚಂದ ಕೇಳುವುದು ಬೇರೆ, ಕೆಲಸಕ್ಕೆ ಬರುವುದು ಬೇರೆ. ಹಾಗಾಗಿ ಇನ್ನೊಂದು ಪರೀಕ್ಷೆ ಮಾಡಿದೆ. ನನ್ನ ಮಟ್ಟಿಗೆ ತೀರ್ಮಾನ ಆದದ್ದು ಇದರಿಂದಲೇ.

ಒಂದೇ ಕ್ಯಾಸೆಟ್ಟಿನ ಒಂದೇ ಬದಿಯನ್ನು ಒಂದು ದಿನ ಹತ್ತು ಸಾವಿರದ ಜೋಡಿಯಲ್ಲಿ ಕೇಳುತ್ತಾ ಶುದ್ಧ ಮಾಡಿದೆ. ಕೆಲವು ದಿನ ಬಿಟ್ಟು ಅದೇ ಬದಿಯನ್ನು ಮೊದಲಿನಿಂದ ಜೆನೆಲೆಕ್‌ನಲ್ಲಿ ಕೇಳುತ್ತಾ ಶುದ್ಧ ಮಾಡಿದೆ. ಆಮೇಲೆ ಎರಡೂ ಕಡತಗಳನ್ನು ಹೊರಗೆ ಒಯ್ದೆ. ಮೊಬೈಲಿನಲ್ಲಿ, ಕಾರಿನಲ್ಲಿ, ಊರಿನ ಮೈಕ್ ಸೆಟ್ಟಿನವರ ಪೆಟ್ಟಿಗೆಯಲ್ಲಿ ಹಾಕಿಸಿ ಕೇಳಿದೆ. ಈ ಕಡತಗಳನ್ನು ಮನೆಯವರು ಕೇಳುವುದು ಇಂಥ ಕಡೆಯೇ ಅಲ್ವಾ? ಯಾರ ಮನೆಯಲ್ಲೂ ಫಿನ್ಲೆಂಡಿನ ಸ್ಪೀಕರ್ ಇರುವುದಿಲ್ಲ.

ಹಿಸ್ ತೆಗೆಯುವ ಸಾಫ್ಟ್‌ವೇರ್ ಒಂದು ಮಿತಿ ದಾಟಿದರೆ ಮಾತಿನ ಹಿಂದೆ ಸಣ್ಣಗೆ ಚಿಲಿಪಿಲಿ ಸದ್ದು ಹುಟ್ಟುತ್ತದೆ. ‘ಸ’ಕಾರದ ತುದಿ ಕತ್ತರಿಸಿ ಹೋಗುತ್ತದೆ. ಮದ್ದಳೆಯ ನಾದ ನಿಲ್ಲುವ ಮೊದಲೇ ಸಾಯುತ್ತದೆ. ಹತ್ತು ಸಾವಿರದ ಜೋಡಿಯಲ್ಲಿ ಈ ಚಿಲಿಪಿಲಿ ನನಗೆ ಕೇಳಿರಲಿಲ್ಲ. ಹಿಸ್ ಇನ್ನೂ ಸ್ವಲ್ಪ ಹೋಗಲಿ ಅಂತ ಮುಂದುವರಿಸಿದ್ದೆ. ಜೆನೆಲೆಕ್‌ನಲ್ಲಿ ಅದು ಬೇಗ ಕೇಳಿತು, ಅಲ್ಲೇ ನಿಲ್ಲಿಸಿದೆ. ಆ ಕಡತದಲ್ಲಿ ಹಿಸ್ ಸ್ವಲ್ಪ ಉಳಿದಿದೆ, ಮಾತು ಪೂರ್ತಿ ಇದೆ.

ನಮ್ಮ ಊರಲ್ಲಿ ಹಿರಿಯ ಮದ್ದಳೆಗಾರರೊಬ್ಬರಿದ್ದಾರೆ. ಯಾವುದು ಹೇಗೆ ಮಾಡಿದ್ದು ಅಂತ ಹೇಳದೆ ಅವರಿಗೆ ಎರಡನ್ನೂ ಕಾರಿನಲ್ಲೇ ಕೇಳಿಸಿದೆ. ಮೊದಲ ಕಡತಕ್ಕೆ, “ಮದ್ದಳೆ ಬಾರಿಸಿದವ್ರು ಕೈ ಹಿಡಿದು ಬಾರಿಸಿದಾಂಗೆ ಕೇಳ್ತದೆ” ಅಂದರು. ಎರಡನೆಯದಕ್ಕೆ ಏನೂ ಹೇಳಲಿಲ್ಲ. ತೊಡೆಯ ಮೇಲೆ ಬೆರಳು ಆಡಿಸತೊಡಗಿದರು. ಬಾರಿಸಿದವರ ಹೆಸರನ್ನೂ ಅವರೇ ಹೇಳಿದರು. ಕಾರಿನ ಸಾಧಾರಣ ಸ್ಪೀಕರಿನಲ್ಲೇ ಈ ವ್ಯತ್ಯಾಸ ಗೊತ್ತಾಯಿತು ಅನ್ನುವುದು ನನಗೆ ದೊಡ್ಡ ಸಂಗತಿ. ದುಬಾರಿ ಸ್ಪೀಕರಿನ ಲಾಭ ಆ ಸ್ಪೀಕರ್ ಇಲ್ಲದವರಿಗೂ ತಲುಪಿತ್ತು.

ಅದಕ್ಕೇ ಕೊನೆಗೆ ಕೊಂಡೆ.

ಆದರೆ ಆ ಸ್ಪೀಕರ್ ತೋರಿಸದ್ದೂ ಇದೆ. ನಮ್ಮ ಕರೆಂಟಿನ ಗುಂಯ್ ಸದ್ದು 50 ಹರ್ಟ್ಝ್‌ನದ್ದು. ಹಳೆಯ ಕ್ಯಾಸೆಟ್ಟುಗಳಲ್ಲಿ ಅದು ಸಾಮಾನ್ಯ. 74 ಹರ್ಟ್ಝ್‌ವರೆಗೆ ಮಾತ್ರ ಸರಿಯಾಗಿ ಇಳಿಯುವ ಪೆಟ್ಟಿಗೆಯಲ್ಲಿ ಅದು ಕೇಳುವುದೇ ಇಲ್ಲ. 100, 150ರಲ್ಲಿ ಬರುವ ಅದರ ಮರಿಗಳು ಕೇಳುತ್ತವೆ, ತಾಯಿ ಕೇಳುವುದಿಲ್ಲ. ಹಾಗಾಗಿ ಕೆಲಸ ಮುಗಿದ ಮೇಲೆ ಒಳ್ಳೆಯ ಹೆಡ್‌ಫೋನಿನಲ್ಲಿ ಒಮ್ಮೆ ಕೇಳುವುದು ಕಡ್ಡಾಯ. ಮೇಲಿನ ತುದಿಯಲ್ಲೂ ಅಷ್ಟೇ. ಮನೆಯಲ್ಲಿ ತುಂಬಿಸಿದ ಕ್ಯಾಸೆಟ್ಟಿನಲ್ಲಿ 12 ಕಿಲೋಹರ್ಟ್ಝ್ ಮೇಲೆ ಹೆಚ್ಚಾಗಿ ಬರೀ ಹಿಸ್. ಸ್ಪೀಕರ್ 20 ಕಿಲೋಹರ್ಟ್ಝ್ ದಾಟುತ್ತದೆ ಅಂತ ಅದಕ್ಕಾಗಿ ದುಡ್ಡು ಕೊಡುವುದು ಸುಮ್ನೆ. ವಯಸ್ಸಾದ ಹಾಗೆ ನಮ್ಮ ಕಿವಿಯೂ ಅಲ್ಲಿಗೆ ಹೋಗುವುದಿಲ್ಲ.

ಬೆಲೆಯ ಪಟ್ಟಿಯಲ್ಲಿ ಇಲ್ಲದ ಖರ್ಚೂ ಉಂಟು. ಜೆನೆಲೆಕ್ 8010ಕ್ಕೆ ಇರುವುದು ಎಕ್ಸ್‌ಎಲ್‌ಆರ್ ಎಂಬ ದೊಡ್ಡ ಮೂರು ಪಿನ್ನಿನ ಕಿಂಡಿ. ಲ್ಯಾಪ್‌ಟಾಪಿನ ಸಣ್ಣ ಜ್ಯಾಕ್ ಅದಕ್ಕೆ ನೇರ ಕೂರುವುದಿಲ್ಲ. ಕ್ಯಾಸೆಟ್ ಇಳಿಸುವ ಕೆಲಸಕ್ಕೆ ನನ್ನ ಹತ್ತಿರ ಆಡಿಯೊ ಇಂಟರ್‌ಫೇಸ್ ಮೊದಲೇ ಇತ್ತು. ಇಲ್ಲದವರು ಅದಕ್ಕೆ ಬೇರೆ ದುಡ್ಡು ಎತ್ತಿಡಬೇಕು. ಬ್ಲೂಟೂತ್, ರಿಮೋಟ್ ಯಾವುದೂ ಇದರಲ್ಲಿಲ್ಲ. ಮೊಬೈಲಿನಿಂದ ಹಾಡು ಕೇಳುವವರಿಗೆ ಅಮೆರಿಕದ ಆಡಿಯೊಎಂಜಿನ್, ಇಂಗ್ಲೆಂಡಿನ ಕೆಇಎಫ್ ಥರದ ಕಂಪನಿಗಳು ಬ್ಲೂಟೂತ್, ವೈಫೈ ಇರುವ ಮೇಜಿನ ಸ್ಪೀಕರುಗಳನ್ನು ಮಾಡುತ್ತವೆ. ಅಲ್ಲಿ ಬೆಲೆಯ ಒಂದು ಪಾಲು ಆ ಅನುಕೂಲಕ್ಕೆ ಮತ್ತು ನೋಟಕ್ಕೆ ಹೋಗುತ್ತದೆ. ಬೇಕಿದ್ದವರಿಗೆ ಅದೂ ಬೆಲೆಬಾಳುವುದೇ. ನನಗೆ ಬೇಕಿರಲಿಲ್ಲ.

ಹಿಂಬದಿಯ ಪುಟ್ಟ ಸ್ವಿಚ್ಚುಗಳು ಮಾತ್ರ ನನಗೆ ತುಂಬ ಉಪಯೋಗಕ್ಕೆ ಬಂದವು. ಒಂದು ಸ್ವಿಚ್ ಮೇಜಿನ ಮೇಲಿಟ್ಟಾಗ ಉಬ್ಬುವ 200 ಹರ್ಟ್ಝ್ ಸುತ್ತಲಿನ ಭಾಗವನ್ನು 4 ಡೆಸಿಬೆಲ್ ತಗ್ಗಿಸುತ್ತದೆ. ಇನ್ನೊಂದು ಗೋಡೆಯ ಹತ್ತಿರ ಇಟ್ಟಾಗ ಕೆಳಸ್ವರ ಇಳಿಸುವುದಕ್ಕೆ. ಮೇಜು, ಗೋಡೆ ಎರಡೂ ಇರುವ ಮನೆಗೆ ಅಂತಲೇ ಯೋಚಿಸಿ ಮಾಡಿದ್ದಾರೆ. ಯಾವ ಸ್ಪೀಕರ್ ಕೊಂಡರೂ ಹಿಂಬದಿಯಲ್ಲಿ ಇಂಥದ್ದು ಇದೆಯಾ ನೋಡಿ.

ಮಳೆಗಾಲದ ಲೆಕ್ಕ ಬೇರೆಯೇ. ನಮ್ಮಲ್ಲಿ ಆಷಾಢದ ಮಳೆ ಹೆಂಚಿನ ಮೇಲೆ ಹೊಡೆಯುವಾಗ ಐವತ್ತು ಸಾವಿರದ್ದಕ್ಕೂ ಎರಡು ಸಾವಿರದ್ದಕ್ಕೂ ವ್ಯತ್ಯಾಸ ಇಲ್ಲ. ಆಗ ಹೆಡ್‌ಫೋನೇ ಗತಿ. ವರ್ಷದಲ್ಲಿ ಅಷ್ಟು ತಿಂಗಳು ಸ್ಪೀಕರ್ ಅರ್ಧ ಕೆಲಸಕ್ಕೆ ಮಾತ್ರ ಬರುತ್ತದೆ ಅನ್ನುವುದನ್ನು ಬೆಲೆಯ ಜೊತೆ ಸೇರಿಸಿಯೇ ಯೋಚಿಸಬೇಕು. ಥಂಡಿಯದ್ದು, ಅಂದರೆ ಗಾಳಿಯ ತೇವದ್ದು, ಇನ್ನೊಂದು ಕಾಟ. ಬಹಳಷ್ಟು ಸ್ಪೀಕರಿನ ಪೆಟ್ಟಿಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಯದ್ದು. ಹೊದಿಕೆ ಬಿಟ್ಟ ಜಾಗದಲ್ಲಿ ಥಂಡಿ ಕುಡಿದರೆ ಅದು ಉಬ್ಬುತ್ತದೆ. ವೂಫರಿನ ಸುತ್ತಲಿನ ಅಂಚು ಫೋಮಿನದ್ದಾದರೆ ಕೆಲವು ವರ್ಷಗಳಲ್ಲಿ ಪುಡಿಯಾಗಿ ಉದುರುತ್ತದೆ. ರಬ್ಬರಿನದ್ದಾದರೆ ಬಾಳಿಕೆ ಜಾಸ್ತಿ. 8010ರ ಮೈ ಅಲ್ಯೂಮಿನಿಯಂನದ್ದು. ನಮ್ಮ ಸೀಮೆಗೆ ಅದು ದೊಡ್ಡ ಅನುಕೂಲ. ಕಾರವಾರದ ಗೆಳೆಯನಿಗೆ ಇರುವ ಉಪ್ಪುಗಾಳಿಯ ಕಾಟ ನನಗಿಲ್ಲ. ಅವನ ತಂತಿಗಳ ತುದಿ ಹಸಿರುಗಟ್ಟಿ, ತಿರುಗಿಸಿದರೆ ಕರಕರ ಅನ್ನುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒರೆಸುತ್ತಿರಬೇಕು.

ಕರೆಂಟಿನ ವಿಷಯಕ್ಕೆ ಜಾಸ್ತಿ ಗಮನ ಕೊಡಿ. ಲ್ಯಾಪ್‌ಟಾಪ್ ಒಂದು ಪ್ಲಗ್ಗಿಗೆ, ಸ್ಪೀಕರ್ ಇನ್ನೊಂದು ಪ್ಲಗ್ಗಿಗೆ ಹಾಕಿದಾಗ ಎರಡು ಅರ್ಥಿಂಗ್ ನಡುವೆ ಸುತ್ತು ಬಿದ್ದು ಗುಂಯ್ ಅನ್ನುವುದುಂಟು. ಅದನ್ನು ಸ್ಪೀಕರಿನ ದೋಷ ಅಂತ ತಿಳಿದು ಹಿಂದಿರುಗಿಸುವವರಿದ್ದಾರೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಆ ಗುಂಯ್ ಸಾಮಾನ್ಯವಾಗಿ ನಿಂತುಹೋಗುತ್ತದೆ. ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿರುತ್ತದೆ. ಅದಕ್ಕೆ ಆಗಾಗ ನೀರು ಹಾಕಬೇಕು. ಹತ್ತು ಸಾವಿರದ ಜೋಡಿ ನಮ್ಮ ಮನೆಯ ಹಳೆಯ ಇನ್ವರ್ಟರಿನಲ್ಲಿ ಗುರುಗುಟ್ಟುತ್ತಿತ್ತು. ಆ ಇನ್ವರ್ಟರ್ ಚೌಕ ಅಲೆಯ ಕರೆಂಟ್ ಕೊಡುವಂಥದ್ದು. ಸೈನ್ ವೇವ್ ಇನ್ವರ್ಟರಿನಲ್ಲಿ ಅದೇ ಜೋಡಿ ಸುಮ್ಮನಿತ್ತು. ಸಂಶಯ ಇದ್ದರೆ ಹಾಡು ಹಾಕದೆ, ರಾತ್ರಿ ಹೊತ್ತು ಕಿವಿಯನ್ನು ಟ್ವೀಟರಿನ ಹತ್ತಿರ ಇಟ್ಟು ಕೇಳಿ. ಸಣ್ಣ ಸುಯ್ ಸದ್ದು ಎಲ್ಲದರಲ್ಲೂ ಇರುತ್ತದೆ. ಅದು ಕೂತಲ್ಲಿಗೆ ಕೇಳಬಾರದು.

ಯಾರಿಗೆ ಇಷ್ಟು ದುಡ್ಡು ಬೇಡ ಅಂತಲೂ ಹೇಳಿಬಿಡುತ್ತೇನೆ. ಯೂಟ್ಯೂಬಿನಲ್ಲಿ ಯಕ್ಷಗಾನ ನೋಡುವವರಿಗೆ, ಮಕ್ಕಳ ಆನ್‌ಲೈನ್ ಪಾಠಕ್ಕೆ, ಸಿನಿಮಾಕ್ಕೆ ಹತ್ತು ಸಾವಿರದ ಆಸುಪಾಸಿನದ್ದು ಧಾರಾಳ ಸಾಕು. ಸರಿಯಾದ ಎತ್ತರಕ್ಕೆ, ಸರಿಯಾದ ಕೋನಕ್ಕೆ ಇಟ್ಟರೆ ಅದು ತುಂಬ ಸುಖ ಕೊಡುತ್ತದೆ. ಆಯಿ ಈಗಲೂ ಅದನ್ನೇ ಕೇಳುತ್ತಾಳೆ. ನನ್ನ ಗೆಳೆಯ ಅಂಥದ್ದೇ ಇನ್ನೊಂದು ಜೋಡಿಯನ್ನು ನಮ್ಮ ಮನೆಗೂ ಕೊಡಿಸಿದ. ಅವನೂ ತನ್ನದನ್ನು ಬದಲಿಸಿಲ್ಲ. ಮದುವೆ ವಿಡಿಯೊಗೆ ಹಾಡು ಕೂರಿಸಲು ಅವನಿಗೆ ಅದು ಸಾಕು. ಗಂಟೆಗಟ್ಟಲೆ ಮಾತನ್ನು ಕೇಳಿ, ಅಕ್ಷರ ಅಕ್ಷರಕ್ಕೂ ತೀರ್ಮಾನ ಮಾಡಬೇಕಾದವರಿಗೆ ಮಾತ್ರ ನಾನು ದುಬಾರಿಯದನ್ನು ಹೇಳುತ್ತೇನೆ. ಅವರಿಗೂ, ಮೊದಲು ಎಲ್ಲಿಂದಾದರೂ ಎರವಲು ತಂದು ತಮ್ಮ ಕೋಣೆಯಲ್ಲಿ, ತಮ್ಮ ರೆಕಾರ್ಡಿಂಗ್ ಹಾಕಿ, ಪರದೆ ಕಟ್ಟಿ ಕೇಳಿ ಅಂತ ಹೇಳುತ್ತೇನೆ.

ಕೊಳ್ಳುವಾಗ ಇನ್ನೊಂದನ್ನು ವಿಚಾರಿಸಿಕೊಳ್ಳಿ. ಕಡಿಮೆ ಬೆಲೆಯ ಬಹುಪಾಲು ಜೋಡಿಗಳಲ್ಲಿ ಆಂಪ್ಲಿಫೈಯರ್ ಒಂದೇ ಪೆಟ್ಟಿಗೆಯಲ್ಲಿರುತ್ತದೆ. ಇನ್ನೊಂದು ಪೆಟ್ಟಿಗೆಗೆ ಅಲ್ಲಿಂದ ತಂತಿ ಹೋಗುತ್ತದೆ. ಏಪ್ರಿಲ್, ಮೇ ತಿಂಗಳ ಸಂಜೆಯ ಸಿಡಿಲಿಗೆ ಆ ಒಂದು ಸುಟ್ಟರೆ ಎರಡೂ ಮೂಕ. 8010ರಲ್ಲಿ ಎರಡಕ್ಕೂ ಅದರದ್ದೇ ಆಂಪ್ಲಿಫೈಯರ್ ಇದೆ, ಬಿಡಿಯಾಗಿ ಒಂದನ್ನೇ ಕೊಳ್ಳಲೂಬಹುದು. ಹಾಗಿದ್ದರೂ ಮೋಡ ಕಟ್ಟಿದ ಕೂಡಲೇ ನಾನು ಎರಡರ ಪ್ಲಗ್ಗನ್ನೂ ಕಿತ್ತುಬಿಡುತ್ತೇನೆ. ಸ್ವಿಚ್ ಆರಿಸಿದರೆ ಸಾಲದು. ಇಂಟರ್‌ಫೇಸಿನಿಂದ ಬರುವ ತಂತಿಯನ್ನೂ, ಇಂಟರ್ನೆಟ್ಟಿನ ತಾಮ್ರದ ತಂತಿ ಇದ್ದರೆ ಅದನ್ನೂ ಬಿಚ್ಚಿಡಬೇಕು.